ಜಡ್ಡಿಲ್ಲದವರ ಮೂಗಿನಲ್ಲಿ ಜಡ್ಡಿನ ಬೀಜ

(ರಾವೂರ ಭಾಗದ ರೈತ ಬಾಂಧವರ ಮುಂದೆ ಮಾಡಿದ ಭಾಷಣ)



ತೊಗರಿ ಕೊಯ್ಲಿನ ದಿನಗಳಿವು. ಕೈಗೆ ಬಿಡುವಿಲ್ಲದ ಹೊತ್ತಿನಲ್ಲಿ ನೀವು ಇಷ್ಟು ಜನ ಬಂದು ಕುಳಿತಿದ್ದೀರಿ.  ಬೀಜ, ಗೊಬ್ಬರ, ಬೆಲೆಗಳ ಮಾತನ್ನು ಕೇಳಿ ರೂಢಿಯಾದವರ ಮುಂದೆ ನಾನು ಇಂದು ಮೂಗಿನ ಮಾತನ್ನು ಆಡಹೊರಟಿದ್ದೇನೆ. ಕೆಲವರಿಗೆ ನಗು ಬಂದೀತು. ಆದರೆ ಈ ಚಳಿಯಲ್ಲಿ ಸಂಜೆ ಓಣಿಯಲ್ಲಿ ನಡೆದು ಹೋದರೆ ಯಾವುದಾದರೊಂದು ಮನೆಯಿಂದ ಕೂಸು ಕೆಮ್ಮುವ ಸಪ್ಪಳ ಕೇಳಿಯೇ ಕೇಳುತ್ತದೆ. ಆ ಕೆಮ್ಮಿನ ಸಂಗತಿ ಬೆಳೆಯ ಸಂಗತಿಗಿಂತ ಚಿಕ್ಕದಲ್ಲ.

ಕೂಸಿಗೆ ನ್ಯುಮೋನಿಯ ಆದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ, "ಇದು ಎಲ್ಲಿಂದ ಬಂತು?" ಎಂಬುದು. ಎಲ್ಲರ ಕಣ್ಣು ಬಾಣಂತಿಯ ಮೇಲೆ ಬೀಳುತ್ತದೆ. ಅವಳು ತಣ್ಣೀರಿನಲ್ಲಿ ಕೈಯಾಡಿಸಿದಳು, ಬಾಳೆಹಣ್ಣು ತಿಂದಳು, ತವರಿಗೆ ಹೋಗುವಾಗ ಕೂಸನ್ನು ಗಾಳಿಗೆ ಒಡ್ಡಿದಳು ಎಂಬ ಮಾತುಗಳು ಬರುತ್ತವೆ. ಇನ್ನು ಕೆಲವರು ದೃಷ್ಟಿ ತಾಗಿತೆನ್ನುತ್ತಾರೆ. ಕೊನೆಗೆ, "ನಮ್ಮ ಮನೆಯಲ್ಲಿ ಯಾರಿಗೂ ಜಡ್ಡಿಲ್ಲ, ಓಣಿಯಲ್ಲಿಯೂ ಇಲ್ಲ; ಕೂಸಿಗೆ ಮಾತ್ರ ಹೇಗೆ ಬಂತು?" ಎಂದು ಎಲ್ಲರೂ ಸೋಜಿಗಪಡುತ್ತಾರೆ.

ಈ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಇಂದಿನ ಕೆಲಸ. ಜಡ್ಡು ಬಹಳ ಸಲ ಜಡ್ಡಿಲ್ಲದವರಿಂದಲೇ ಬಂದಿರುತ್ತದೆ. ಗಟ್ಟಿಮುಟ್ಟಾಗಿ ಓಡಾಡುವ, ಉಂಡು ತಿಂದು ನಗುವ ಮನುಷ್ಯನ ಮೂಗಿನ ಹಿಂಭಾಗದಲ್ಲಿ ನ್ಯುಮೋನಿಯದ ರೋಗಾಣು ಸದ್ದಿಲ್ಲದೆ ಕುಳಿತಿರಬಹುದು. ಅದು ಅವನಿಗೂ ಗೊತ್ತಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ.

ರೋಗಾಣು ಎಲ್ಲಿರುತ್ತದೆ?

ನ್ಯುಮೋನಿಯ ಎಂದರೆ ಪುಪ್ಪುಸದೊಳಗೆ, ಅಂದರೆ ಉಸಿರಿನ ಚೀಲದೊಳಗೆ, ಉರಿ ಹುಟ್ಟಿ ಕೀವು ನೀರು ತುಂಬಿಕೊಳ್ಳುವುದು. ಗಾಳಿ ಇರಬೇಕಾದಲ್ಲಿ ನೀರು ನಿಂತರೆ ಉಸಿರು ಸಾಲುವುದಿಲ್ಲ. ಈ ರೋಗವನ್ನು ತರುವ ರೋಗಾಣುಗಳು ಒಂದೆರಡಲ್ಲ. ಅವುಗಳಲ್ಲಿ ಮುಖ್ಯವಾದ ಒಂದರ ಹೆಸರು ನ್ಯುಮೋಕಾಕಸ್. ಕಣ್ಣಿಗೆ ಕಾಣದಷ್ಟು ಸಣ್ಣದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೆರಡು ಕಾಳುಗಳು ಜೋಡಿಯಾಗಿ ಅಂಟಿದಂತೆ ಕಾಣುತ್ತದೆ. ಇದೇ ರೋಗಾಣು ರಕ್ತಕ್ಕೆ ಸೇರಿದರೆ ಮೈಯೆಲ್ಲ ನಂಜಾಗುತ್ತದೆ. ಮೆದುಳಿನ ಪೊರೆಗೆ ಹೋದರೆ ಮೆದುಳುಜ್ವರ ತರುತ್ತದೆ. ಮಕ್ಕಳ ಕಿವಿ ನೋಯುವುದಕ್ಕೂ ಸೋರುವುದಕ್ಕೂ ಇದು ಒಂದು ಕಾರಣ.

ಇಷ್ಟೆಲ್ಲ ಕೆಡಕು ಮಾಡಬಲ್ಲ ಈ ರೋಗಾಣುವಿನ ನಿತ್ಯದ ಮನೆ ಪುಪ್ಪುಸವಲ್ಲ. ಅದರ ಮನೆ ಮೂಗಿನ ಹಿಂದೆ, ಕಿರುನಾಲಿಗೆಯ ಮೇಲ್ಗಡೆ ಇರುವ ಸ್ಥಳ. ಅಲ್ಲಿ ಅದು ಕೆಲವು ವಾರ, ಕೆಲವು ಸಲ ಕೆಲವು ತಿಂಗಳು ವಾಸ ಮಾಡುತ್ತದೆ. ಆಮೇಲೆ ತಾನಾಗಿಯೇ ಹೋಗುತ್ತದೆ. ಅದರ ಜಾಗಕ್ಕೆ ಇನ್ನೊಂದು ಬಗೆಯದು ಬರುತ್ತದೆ. ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು. ನೂರು ಸಲ ಬಂದರೆ ಬಹುಪಾಲು ಸಲ ಯಾವ ತೊಂದರೆಯನ್ನೂ ಮಾಡದೆ ಹೋಗುತ್ತದೆ.

ಚಿಕ್ಕ ಮಕ್ಕಳಲ್ಲಿ ಇದು ಅತಿ ಹೆಚ್ಚು. ನಮ್ಮ ನೆರೆಯ ತಮಿಳುನಾಡಿನ ಹಳ್ಳಿಗಳಲ್ಲಿ ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಎಳೆಗೂಸುಗಳ ಮೂಗಿನಿಂದ ಹತ್ತಿಯಲ್ಲಿ ದ್ರವ ತೆಗೆದು ಪರೀಕ್ಷೆ ಮಾಡಿದ್ದರು. ಎರಡು ತಿಂಗಳ ಕೂಸುಗಳಲ್ಲಿಯೇ ಅರ್ಧಕ್ಕಿಂತ ಹೆಚ್ಚು ಕೂಸುಗಳ ಮೂಗಿನಲ್ಲಿ ಈ ರೋಗಾಣು ಸಿಕ್ಕಿತು. ಆರು ತಿಂಗಳ ಹೊತ್ತಿಗೆ ನೂರಕ್ಕೆ ಸುಮಾರು ೭೦ ಕೂಸುಗಳಲ್ಲಿ ಇತ್ತು. ದೊಡ್ಡವರಲ್ಲಿ ಈ ಪ್ರಮಾಣ ಬಹಳ ಕಡಿಮೆ. ಆದರೆ ಚಿಕ್ಕ ಮಕ್ಕಳಿರುವ ಮನೆಯ ದೊಡ್ಡವರಲ್ಲಿ ಉಳಿದವರಿಗಿಂತ ಹೆಚ್ಚು. ಮೂಗು ಸೋರುವ ಮೊಮ್ಮಗನನ್ನು ಎತ್ತಿಕೊಂಡು ಮುದ್ದಾಡದ ಅಜ್ಜ ಯಾರಿದ್ದಾನೆ?

ಕೊಟ್ಟಿಗೆಯಲ್ಲಿ ನೀವು ಕಂಡದ್ದೇ

ಈ ಮಾತು ನಿಮಗೆ ಹೊಸದೆಂದು ತೋರಬಹುದು. ನಿಜವಾಗಿ ಹೊಸದಲ್ಲ. ಇಂಥದೇ ಸಂಗತಿಯನ್ನು ನೀವು ನಿಮ್ಮ ಕೊಟ್ಟಿಗೆಯಲ್ಲಿ ಕಂಡಿದ್ದೀರಿ.

ಎತ್ತು ಎಮ್ಮೆಗಳಿಗೆ ಬರುವ ಗಳಲೆ ರೋಗ, ಅಂದರೆ ಗಂಟಲು ಬೇನೆ, ನಿಮಗೆಲ್ಲ ಗೊತ್ತು. ಮುಂಗಾರು ಮಳೆ ಹಿಡಿದಾಗ, ಹರಗಿ ಬಿತ್ತುವ ಕೆಲಸದಲ್ಲಿ ದನ ದಣಿದಾಗ, ಒಮ್ಮೆಲೇ ಗಂಟಲು ಬಾತು, ಜೊಲ್ಲು ಸುರಿದು, ಗೊರಗೊರ ಉಸಿರು ಬಿಟ್ಟು, ನಿನ್ನೆ ಗಳೆ ಹೊಡೆದ ಎತ್ತು ಇಂದು ಸತ್ತು ಬೀಳುತ್ತದೆ. ಆ ರೋಗಾಣು ಅಂದೇ ಮಳೆಯೊಂದಿಗೆ ಆಕಾಶದಿಂದ ಇಳಿದದ್ದಲ್ಲ. ಅದು ಮೊದಲಿನಿಂದಲೂ ಕೆಲವು ಗಟ್ಟಿ ದನಗಳ ಮೂಗು ಗಂಟಲುಗಳಲ್ಲಿ ಅಡಗಿ ಕೂತಿರುತ್ತದೆ. ಹೊತ್ತ ದನಕ್ಕೆ ಏನೂ ಆಗಿರುವುದಿಲ್ಲ. ಮಳೆ, ಚಳಿ, ದಣಿವು, ಮೇವಿನ ಕೊರತೆ ಕೂಡಿದಾಗ ಅದು ಎದ್ದು ನಿಲ್ಲುತ್ತದೆ.

ಆದ್ದರಿಂದಲೇ ಪಶುವೈದ್ಯರು ಜಡ್ಡು ಬಂದ ದನಕ್ಕಷ್ಟೇ ಅಲ್ಲ, ಮಳೆಗಾಲಕ್ಕೆ ಮೊದಲೇ ಊರಿನ ಎಲ್ಲ ದನಕ್ಕೂ ಚುಚ್ಚುಮದ್ದು ಹಾಕುತ್ತಾರೆ. "ನನ್ನ ಎತ್ತು ಚೆನ್ನಾಗಿದೆ, ಅದಕ್ಕೇಕೆ ಸೂಜಿ?" ಎಂದು ಹಿಂದೆ ಕೇಳುತ್ತಿದ್ದವರೂ ಈಗ ಕೇಳುವುದಿಲ್ಲ. ಎತ್ತಿನ ವಿಷಯದಲ್ಲಿ ನಮಗೆ ತಿಳಿದ ಈ ಬುದ್ಧಿಯನ್ನು ಕೂಸಿನ ವಿಷಯದಲ್ಲಿಯೂ ನಡೆಸಬೇಕೆಂಬುದೇ ನನ್ನ ಬಿನ್ನಹ.

ಒಂದು ಮನೆಯ ಲೆಕ್ಕ

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜ, ಗಂಡ ಹೆಂಡತಿ, ಅಂಗನವಾಡಿಗೆ ಹೋಗುವ ಮೂರು ವರ್ಷದ ಹುಡುಗಿ ಮತ್ತು ಎರಡು ತಿಂಗಳ ಕೂಸು ಇದ್ದಾರೆ. ಅಂಗನವಾಡಿಯಲ್ಲಿ ಮಕ್ಕಳು ಒಬ್ಬರ ಮೈಮೇಲೆ ಒಬ್ಬರು ಬಿದ್ದು ಆಡುತ್ತಾರೆ. ಮೂಗು ಒರೆಸಿದ ಕೈಯಲ್ಲಿಯೇ ಆಟಿಗೆಯನ್ನು ಹಿಡಿಯುತ್ತಾರೆ. ಅಲ್ಲಿ ಹುಡುಗಿಯ ಮೂಗಿಗೆ ರೋಗಾಣು ಬಂತು. ಅವಳಿಗೆ ಏನೂ ಆಗಲಿಲ್ಲ. ಅವಳು ಮನೆಗೆ ಬಂದು ಕೂಸಿನ ಕೆನ್ನೆಗೆ ಮುತ್ತು ಕೊಟ್ಟಳು, ಅಜ್ಜನ ತೊಡೆಯ ಮೇಲೆ ಮಲಗಿದಳು. ಹೀಗೆ ವಾರದೊಳಗೆ ಅದು ಮೂವರ ಮೂಗಿನಲ್ಲಿ ಮನೆ ಮಾಡಿತು. ತಾಯಿಗೂ ಬಂದಿರಬಹುದು. ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ಅಷ್ಟರಲ್ಲಿ ತಂದೆ ಸಂತೆಯಿಂದ ನೆಗಡಿ ಹಚ್ಚಿಕೊಂಡು ಬಂದ. ನೆಗಡಿ ಬೇರೆ ಜಾತಿಯ ರೋಗಾಣುವಿನಿಂದ, ವೈರಸ್ಸಿನಿಂದ, ಬರುವಂಥದು. ಮನೆಯೆಲ್ಲ ಸೀನಿತು. ತಂದೆ ತಾಯಿ ಹುಡುಗಿ ನಾಲ್ಕು ದಿನದಲ್ಲಿ ಸುಧಾರಿಸಿದರು. ಆದರೆ ನೆಗಡಿಯಿಂದ ಕೂಸಿನ ಉಸಿರಿನ ದಾರಿಯ ಒಳಪೊರೆ ಕೆತ್ತಿದ ಗೋಡೆಯಂತಾಯಿತು. ಮೂಗಿನಲ್ಲಿ ಸುಮ್ಮನಿದ್ದ ರೋಗಾಣು ಲೋಳೆಯಲ್ಲಿ ಹುಲುಸಾಗಿ ಬೆಳೆದು ಪುಪ್ಪುಸಕ್ಕೆ ಇಳಿಯಿತು. ಐದನೆಯ ದಿನ ಕೂಸು ಎದೆಹಾಲು ಬಿಟ್ಟು ಏದುಸಿರು ಹಿಡಿಯಿತು.

ಇಲ್ಲಿ ತಪ್ಪು ಯಾರದು? ಅಂಗನವಾಡಿಯದೇ? ಹುಡುಗಿಯದೇ? ಬಾಳೆಹಣ್ಣು ತಿಂದ ತಾಯಿಯದೇ? ಯಾರದೂ ಅಲ್ಲ. ಬಾಳೆಹಣ್ಣಿನಲ್ಲಿ ನ್ಯುಮೋನಿಯ ಇಲ್ಲ. ಕೂಡಿ ಬಾಳುವ ಮನೆಯಲ್ಲಿ ಉಸಿರು ಉಸಿರಿಗೆ ತಾಗಿಯೇ ತಾಗುತ್ತದೆ. ತಪ್ಪು ಯಾರ ಮೇಲಾದರೂ ಬರುವುದಾದರೆ ಅದು ಎರಡು ಕಡೆ ಬರುತ್ತದೆ: ಹಾಕಿಸಬೇಕಾದ ಸೂಜಿಯನ್ನು ಹಾಕಿಸದೆ ಬಿಟ್ಟರೆ ಅದು ಒಂದು, ಏದುಸಿರು ಕಂಡ ಮೇಲೂ ದವಾಖಾನೆಗೆ ಹೋಗದೆ ಕೂತರೆ ಅದು ಎರಡನೆಯದು. ಈ ಎರಡೂ ನಮ್ಮ ಕೈಯಲ್ಲಿರುವ ಮಾತುಗಳು.

ಮೊದಲು ಸಿಕ್ಕಿದ್ದೇ ಆರೋಗ್ಯವಂತನಲ್ಲಿ

ಈ ರೋಗಾಣುವನ್ನು ಕಂಡುಹಿಡಿದ ಕಥೆ ಸ್ವಾರಸ್ಯವಾದದ್ದು. ೧೮೮೦ರಲ್ಲಿ ಅಮೆರಿಕದ ಸೈನ್ಯದ ವೈದ್ಯನಾದ ಜಾರ್ಜ್ ಸ್ಟರ್ನ್‌ಬರ್ಗ್ ಎಂಬಾತ ಬೇರೊಂದು ರೋಗದ ಶೋಧನೆಯಲ್ಲಿದ್ದ. ಆಗ ತನ್ನದೇ ಉಗುಳನ್ನು ಮೊಲಗಳಿಗೆ ಚುಚ್ಚಿ ನೋಡಿದ. ಮೊಲಗಳು ಸತ್ತವು. ಅವುಗಳ ರಕ್ತದಲ್ಲಿ ಈ ಜೋಡಿ ಕಾಳಿನ ರೋಗಾಣು ಕಂಡಿತು. ಆದರೆ ಉಗುಳಿನ ಒಡೆಯನಾದ ಸ್ಟರ್ನ್‌ಬರ್ಗನಿಗೆ ಯಾವ ಜಡ್ಡೂ ಇರಲಿಲ್ಲ! ಅದೇ ವರ್ಷದ ಕೊನೆಯಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್, ಹುಚ್ಚುನಾಯಿ ರೋಗದಿಂದ ಸತ್ತ ಮಗುವೊಂದರ ಉಗುಳಿನಲ್ಲಿ ಇದೇ ರೋಗಾಣುವನ್ನು ಕಂಡ. ೧೮೮೧ರಲ್ಲಿ ಇಬ್ಬರೂ ತಾವು ಕಂಡದ್ದನ್ನು ಪ್ರಕಟಿಸಿದರು. ಇದು ನ್ಯುಮೋನಿಯವನ್ನು ತರುತ್ತದೆಂಬ ಸಂಗತಿ ತಿಳಿದದ್ದು ಇನ್ನೂ ಕೆಲವು ವರ್ಷಗಳ ಮೇಲೆ.

ನೋಡಿ, ರೋಗದ ಬೀಜ ಮೊದಲು ಸಿಕ್ಕಿದ್ದು ರೋಗಿಯಲ್ಲಿ ಅಲ್ಲ, ಆರೋಗ್ಯವಂತನಾದ ವೈದ್ಯನ ಬಾಯಲ್ಲಿ. ಇನ್ನೊಂದು ಮಾತು: ನಿಮ್ಮ ದನಗಳ ಗಂಟಲು ಬೇನೆಯ ರೋಗಾಣುವಿಗೆ ಪಾಶ್ಚರನ ಹೆಸರನ್ನೇ ಇಟ್ಟಿದ್ದಾರೆ. ಕೊಟ್ಟಿಗೆಯ ಜಡ್ಡಿಗೂ ತೊಟ್ಟಿಲಿನ ಜಡ್ಡಿಗೂ ಹೀಗೊಂದು ನಂಟು ಉಂಟು.

ಸುಮ್ಮನಿದ್ದದ್ದು ಏಕೆ ಏಳುತ್ತದೆ?

ಬೀಜ ನೆಲದಲ್ಲಿ ಬಿದ್ದ ಮಾತ್ರಕ್ಕೆ ಮೊಳೆಯುವುದಿಲ್ಲ. ಹಸಿ, ಹದ ಕೂಡಿಬರಬೇಕು. ರೋಗಾಣುವಿಗೂ ಹಾಗೆಯೇ. ಅದಕ್ಕೆ ಹದವಾಗುವ ಮೈಗಳು ಯಾವುವು? ಎರಡು ವರ್ಷದೊಳಗಿನ ಕೂಸುಗಳದು, ಏಕೆಂದರೆ ಅವುಗಳ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ತೂಕ ಕಡಿಮೆಯಾಗಿ ಹುಟ್ಟಿದ, ಎದೆಹಾಲು ಸಾಲದ ಕೂಸುಗಳಿಗೆ ಇನ್ನೂ ಹೆಚ್ಚಿನ ಅಪಾಯ. ಅರವತ್ತೈದು ದಾಟಿದ ಮುದುಕರದು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ದಮ್ಮು ಇದ್ದವರದು. ಬೀಡಿ ಸೇದುವವರದು, ಹೆಚ್ಚು ಸೆರೆ ಕುಡಿಯುವವರದು.

ಹೊಗೆ ಇನ್ನೊಂದು ದೊಡ್ಡ ಕಾರಣ. ತೊಗರಿ ಕಟ್ಟಿಗೆ ನಮಗೆ ಪುಕ್ಕಟೆ ಸಿಗುವ ಉರುವಲು. ಗ್ಯಾಸು ಇದ್ದ ಮನೆಯಲ್ಲಿಯೂ ರೊಟ್ಟಿಗೆ, ನೀರು ಕಾಸುವುದಕ್ಕೆ ಅದನ್ನೇ ಹಚ್ಚುತ್ತೇವೆ. ಕಿಟಕಿಯಿಲ್ಲದ ಅಡಿಗೆ ಮನೆಯಲ್ಲಿ ತಾಯಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ರೊಟ್ಟಿ ಬಡಿದರೆ, ಆ ಹೊಗೆ ಕೂಸಿನ ಎದೆಯೊಳಗಿನ ಕಾವಲನ್ನು ಕೆಡಿಸುತ್ತದೆ. ಶಹಾಬಾದ ಕಲ್ಲಿನ ಖಣಿ, ಕಲ್ಲು ಕೊಯ್ದು ಪಾಲಿಶ್ ಮಾಡುವ ಕಾರಖಾನೆಗಳ ದೂಳು ಸಹ ಎದೆಗೆ ಒಳ್ಳೆಯದಲ್ಲ. ಕೆಲಸಕ್ಕೆ ಹೋದ ತಾಯಿ ಕೂಸನ್ನು ಅಲ್ಲಿಯೇ ಜೋಳಿಗೆಯಲ್ಲಿ ತೂಗುಹಾಕಿದರೆ ಅದು ದಿನವೆಲ್ಲ ದೂಳು ಕುಡಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮುಂಚೆ ಹೇಳಿದ ನೆಗಡಿ ಜ್ವರ. ೧೯೧೮ರ ಇನ್‌ಫ್ಲುಯೆಂಜ ಮಾರಿಯ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿರಬಹುದು. ನಮ್ಮ ದೇಶದಲ್ಲಿ ಒಂದು ಕೋಟಿಗಿಂತ ಹೆಚ್ಚು ಜನ ಸತ್ತರು. ಆ ಕಾಲದಲ್ಲಿ ಸತ್ತವರ ಪುಪ್ಪುಸದ ತುಣುಕುಗಳನ್ನು ಮುಂದೆ ಪರೀಕ್ಷಿಸಿದ ವಿದ್ವಾಂಸರು ಒಂದು ಸಂಗತಿಯನ್ನು ತಿಳಿಸಿದರು. ಬಹುಮಂದಿಯ ಪ್ರಾಣ ತೆಗೆದದ್ದು ಜ್ವರದ ವೈರಸ್ಸೊಂದೇ ಅಲ್ಲ. ಅದರ ಬೆನ್ನಿಗೆ ಮೂಗು ಗಂಟಲಿನಿಂದ ಇಳಿದು ಬಂದ ನ್ಯುಮೋಕಾಕಸಿನಂಥ ರೋಗಾಣುಗಳು ತಂದ ನ್ಯುಮೋನಿಯ. ಬಾಗಿಲು ಒಡೆದದ್ದು ಒಬ್ಬ, ಮನೆ ಲೂಟಿ ಮಾಡಿದ್ದು ಇನ್ನೊಬ್ಬ.

ಗುಳಿಗೆ ನುಂಗಿ ಓಡಿಸಬಹುದೇ?

"ಹಾಗಾದರೆ ಮನೆಯವರೆಲ್ಲ ಗುಳಿಗೆ ನುಂಗಿ ಮೂಗಿನ ರೋಗಾಣುವನ್ನು ಓಡಿಸಿಬಿಡಬಾರದೇ?" ಎಂದು ನೀವು ಕೇಳುವಿರಿ. ಬೇಡ. ಜಡ್ಡಿಲ್ಲದವನು ಇದಕ್ಕಾಗಿ ಗುಳಿಗೆ ನುಂಗಬಾರದು, ಪರೀಕ್ಷೆಯನ್ನೂ ಮಾಡಿಸಬೇಕಿಲ್ಲ. ಇಂದು ಓಡಿಸಿದರೆ ಬರುವ ವಾರ ಮತ್ತೊಬ್ಬ ಕೂಸಿನಿಂದ ತಿರುಗಿ ಬರುತ್ತದೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ.

ತೊಗರಿಯ ಕಾಯಿಕೊರಕ ಹುಳದ ಪಾಠ ನಿಮಗೆ ನೆನಪಿರಬೇಕು. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆದೆವು. ಸಾಯುವ ಹುಳ ಸತ್ತು, ಸಾಯದ ಹುಳವೇ ಉಳಿದು, ಅದರ ಸಂತತಿಯೇ ಹೊಲವನ್ನೆಲ್ಲ ತುಂಬಿತು. ಡಬ್ಬಿಗಟ್ಟಲೆ ಹೊಡೆದರೂ ಹುಳ ಸಾಯದಾಯಿತು. ಕೊನೆಗೆ ಗಿಡ ಅಲುಗಾಡಿಸಿ ಹುಳ ಉದುರಿಸುವ ಉಪಾಯಕ್ಕೆ ಬಂದೆವು. ರೋಗಾಣುಗಳೂ ಹಾಗೆಯೇ. ನೆಗಡಿಗೆ, ಸಣ್ಣ ಕೆಮ್ಮಿಗೆ, ಅಂಗಡಿಯಿಂದ ತಂದ ಗುಳಿಗೆಯನ್ನು ಎರಡು ದಿನ ನುಂಗಿ ಬಿಟ್ಟರೆ ಮೂಗಿನಲ್ಲಿ ಔಷಧಿಗೆ ಜಗ್ಗದ ರೋಗಾಣುಗಳಷ್ಟೇ ಉಳಿಯುತ್ತವೆ. ಮುಂದೆ ಕೂಸಿಗೆ ನಿಜವಾದ ನ್ಯುಮೋನಿಯ ಬಂದ ದಿನ ಅದೇ ಔಷಧಿ ಕೆಲಸ ಮಾಡುವುದಿಲ್ಲ. ವೈದ್ಯರು ಹೇಳಿದಾಗ ಮಾತ್ರ, ಹೇಳಿದಷ್ಟು ದಿನ ಪೂರ್ತಿ ಕೊಡಬೇಕು.

ಸೂಜಿಯ ಕೆಲಸ

ಗುಳಿಗೆಯಿಂದ ಆಗದ್ದು ಚುಚ್ಚುಮದ್ದಿನಿಂದ ಬಹಳ ಮಟ್ಟಿಗೆ ಆಗುತ್ತದೆ. ಇದನ್ನು ತಿಳಿಯಲು ಒಂದು ಮಾತನ್ನು ಮೊದಲು ಹೇಳಬೇಕು. ನ್ಯುಮೋಕಾಕಸಿನಲ್ಲಿ ಒಂದೇ ಬಗೆ ಇಲ್ಲ. ಮೇಲಿನ ಹೊದಿಕೆಯ ವ್ಯತ್ಯಾಸದಿಂದ ನೂರಕ್ಕೂ ಮಿಕ್ಕಿದ ಬಗೆಗಳನ್ನು ಗುರುತಿಸಿದ್ದಾರೆ. ೧೯೮೬ರಲ್ಲಿ ಬಂದ ಮಾರುತಿ ತೊಗರಿ ನೆಟೆ ರೋಗಕ್ಕೆ ಜಗ್ಗದು, ಆದರೆ ಗೊಡ್ಡು ರೋಗಕ್ಕೆ ಬಲಿಯಾಗುತ್ತದೆ. ಒಂದು ರೋಗವನ್ನು ತಡೆದ ಗಿಡ ಎಲ್ಲವನ್ನೂ ತಡೆಯದು. ಹಾಗೆಯೇ ಒಂದು ಬಗೆಯ ರೋಗಾಣುವನ್ನು ತಡೆಯುವ ಶಕ್ತಿ ಇನ್ನೊಂದು ಬಗೆಯನ್ನು ತಡೆಯುವುದಿಲ್ಲ. ೧೯೧೧ರಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ, ದೂರದ ಹಳ್ಳಿಗಳಿಂದ ಬಂದು ಇಕ್ಕಟ್ಟಾದ ಸಾಲುಮನೆಗಳಲ್ಲಿ ಇದ್ದ ಕೂಲಿಗಳು ನ್ಯುಮೋನಿಯದಿಂದ ಸಾಯುತ್ತಿದ್ದಾಗ, ಆಲ್ಮ್ರೋತ್ ರೈಟ್ ಎಂಬ ವೈದ್ಯ ಮೊದಲ ಚುಚ್ಚುಮದ್ದನ್ನು ಹಾಕಿ ನೋಡಿದ. ಈ ಬಗೆಗಳ ಗುಟ್ಟು ಆಗ ತಿಳಿಯದ ಕಾರಣ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

ಗುಟ್ಟು ತಿಳಿದ ಮೇಲೆ ಕೆಲಸ ಸಾಗಿತು. ೧೯೪೫ರಲ್ಲಿ ಅಮೆರಿಕದ ಸೈನಿಕರಲ್ಲಿ ನಾಲ್ಕು ಬಗೆಗಳಿಗೆ ಮದ್ದು ಹಾಕಿದ ಪ್ರಯೋಗದ ಫಲ ಹೊರಬಿತ್ತು. ಸೂಜಿ ಹಾಕಿಸಿಕೊಂಡವರಲ್ಲಿ ಆ ಬಗೆಗಳ ನ್ಯುಮೋನಿಯ ನಿಂತಿತು; ಅಷ್ಟೇ ಅಲ್ಲ, ಅವರ ಮೂಗು ಗಂಟಲಲ್ಲಿ ಆ ರೋಗಾಣುವನ್ನು ಹೊರುವುದೂ ಕಡಿಮೆಯಾಯಿತು. ಅದರಿಂದ ಅದೇ ಪಾಳೆಯದಲ್ಲಿ ಸೂಜಿ ಹಾಕಿಸಿಕೊಳ್ಳದವರಿಗೂ ಲಾಭವಾಯಿತು.

೨೦೦೦ದಲ್ಲಿ ಎಳೆಗೂಸುಗಳಿಗೆ ಒಗ್ಗುವ ಹೊಸ ಮದ್ದು ಅಮೆರಿಕದಲ್ಲಿ ಬಳಕೆಗೆ ಬಂತು. ಸೂಜಿ ಹಾಕಿದ್ದು ಕೂಸುಗಳಿಗೆ. ಆದರೆ ಕೆಲವು ವರ್ಷಗಳಲ್ಲಿ ಆ ಬಗೆಗಳಿಂದ ಮುದುಕರಿಗೆ ಬರುತ್ತಿದ್ದ ರೋಗವೂ ಇಳಿಯಿತು! ಕಾರಣ ಸರಳವಾಗಿದೆ. ಅಜ್ಜನಿಗೆ ರೋಗಾಣು ಬರುತ್ತಿದ್ದದ್ದು ಮೊಮ್ಮಗನ ಮೂಗಿನಿಂದ. ಮೊಮ್ಮಗನ ಮೂಗಿನಲ್ಲಿ ಅದಕ್ಕೆ ಜಾಗವಿಲ್ಲದೆ ಹೋದಾಗ ಅಜ್ಜನೂ ಉಳಿದ. ಮೊಮ್ಮಗನ ತೊಡೆಗೆ ಹಾಕಿದ ಸೂಜಿ ಅಜ್ಜನ ಎದೆಯನ್ನೂ ಕಾಯುತ್ತದೆ. ಈ ಒಂದು ಮಾತನ್ನು ನೀವು ಮನೆಗೆ ಒಯ್ದರೆ ನಾನು ಬಂದದ್ದು ಸಾರ್ಥಕ.

ನಮ್ಮ ದೇಶದಲ್ಲಿ ಸರಕಾರ ಈ ಮದ್ದನ್ನು ೨೦೧೭ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿ, ೨೦೨೧ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಪುಣೆಯ ಸೀರಂ ಸಂಸ್ಥೆ ಹತ್ತು ಬಗೆಗಳಿಗೆ ತಡೆಯಾಗುವ ಮದ್ದನ್ನು ದೇಶದಲ್ಲಿಯೇ ತಯಾರಿಸಿ ೨೦೨೦ರ ಡಿಸೆಂಬರಿನಲ್ಲಿ ಹೊರತಂದಿತು. ಸರಕಾರಿ ದವಾಖಾನೆಯಲ್ಲಿ, ಅಂಗನವಾಡಿಯಲ್ಲಿ ನಡೆಯುವ ಲಸಿಕೆಯ ದಿನ, ಇದಕ್ಕೆ ಒಂದು ಪೈಸೆಯೂ ಇಲ್ಲ. ದಾದಿಯರು ಇದನ್ನು ಪಿ.ಸಿ.ವಿ. ಎನ್ನುತ್ತಾರೆ. ಮೂರು ಸಲ ಹಾಕಿಸಬೇಕು:

ಮೊದಲನೆಯದು: ಕೂಸಿಗೆ ೬ ವಾರ ತುಂಬಿದಾಗ.
ಎರಡನೆಯದು: ೧೪ ವಾರ ತುಂಬಿದಾಗ.
ಮೂರನೆಯದು: ೯ ತಿಂಗಳು ತುಂಬಿದಾಗ.

ಸೂಜಿ ಹಾಕಿದ ದಿನ ಸ್ವಲ್ಪ ಮೈ ಬಿಸಿಯಾಗಬಹುದು, ತೊಡೆ ನೋಯಬಹುದು. ಒಂದೆರಡು ದಿನದಲ್ಲಿ ಹೋಗುತ್ತದೆ. ಈ ಮದ್ದು ಎಲ್ಲ ಬಗೆಯ ನ್ಯುಮೋನಿಯವನ್ನೂ ತಡೆಯುತ್ತದೆಂದು ನಾನು ಹೇಳುವುದಿಲ್ಲ. ಪ್ರಾಣಕ್ಕೆ ಹೆಚ್ಚು ಎರವಾಗುವ ಕೆಲವು ಬಗೆಗಳನ್ನು ತಡೆಯುತ್ತದೆ. ಬೇಲಿ ಹಾಕಿದ ಹೊಲಕ್ಕೂ ಒಮ್ಮೊಮ್ಮೆ ಹಂದಿ ನುಗ್ಗುತ್ತದೆ. ಅಷ್ಟಕ್ಕೆ ಬೇಲಿ ಹಾಕುವುದನ್ನು ಯಾರೂ ಬಿಡುವುದಿಲ್ಲ.

ಗುಳೆ ಹೋಗುವವರಿಗೆ ಒಂದು ಮಾತು

ನಮ್ಮ ಭಾಗದ ಕೂಲಿ ಕುಟುಂಬಗಳು ಹೈದರಾಬಾದಿಗೆ, ಪುಣೆ ಮುಂಬಯಿಗೆ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಊರಲ್ಲಿ ಮೊದಲನೆಯ ಸೂಜಿ ಆಗಿರುತ್ತದೆ. ಎರಡನೆಯದರ ಹೊತ್ತಿಗೆ ಕೂಸು ಯಾವುದೋ ಕಟ್ಟಡದ ಪಕ್ಕದ ತಗಡಿನ ಗುಡಿಸಲಲ್ಲಿ ಇರುತ್ತದೆ. ಇಕ್ಕಟ್ಟು, ಹೊಗೆ, ದೂಳು, ಹತ್ತೂರಿನ ಜನ. ರೋಗಾಣುವಿಗೆ ಇದಕ್ಕಿಂತ ಒಳ್ಳೆಯ ಹೊಲವಿಲ್ಲ. ಸೂಜಿ ಎಲ್ಲಕ್ಕಿಂತ ಹೆಚ್ಚು ಬೇಕಾದಲ್ಲಿಯೇ ತಪ್ಪಿಹೋಗುತ್ತದೆ.

ಗುಳೆ ಹೋಗುವಾಗ ಗಂಟಿನಲ್ಲಿ ರೇಷನ್ ಕಾರ್ಡಿನ ಜೊತೆಗೆ ತಾಯಿ ಕಾರ್ಡನ್ನೂ ಕಟ್ಟಿಕೊಳ್ಳಿರಿ. ಯಾವ ಊರಿನ ಸರಕಾರಿ ದವಾಖಾನೆಗೆ ಹೋದರೂ ಅದನ್ನು ನೋಡಿ ಉಳಿದ ಸೂಜಿ ಹಾಕುತ್ತಾರೆ. ಹೊರಡುವ ಮೊದಲು ಊರಿನ ಆಶಾ ಕಾರ್ಯಕರ್ತೆಗೆ ಹೇಳಿ ಹೋಗಿ. ದಿನ ತಪ್ಪಿದ್ದರೂ ಮುಗಿಯಿತೆಂದು ಕೈಬಿಡಬೇಡಿ. ತಡವಾದವರು ಕೂಸಿಗೆ ವರ್ಷ ತುಂಬುವ ಮೊದಲೇ ದಾದಿಯ ಹತ್ತಿರ ಕರೆದೊಯ್ದು ಕೇಳಿರಿ.

ಮನೆಯಲ್ಲಿ ಮಾಡತಕ್ಕವು, ಮಾಡಬಾರದವು

ಆರು ತಿಂಗಳವರೆಗೆ ಕೂಸಿಗೆ ಎದೆಹಾಲು ಬಿಟ್ಟು ನೀರನ್ನೂ ಕೊಡಬೇಡಿ. ಕೂಸನ್ನು ಎತ್ತಿಕೊಳ್ಳುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ನೆಗಡಿ ಆದವರು ಕೂಸಿನ ಮುಖಕ್ಕೆ ಮುಖ ತರಬಾರದು; ತಾಯಿಗೇ ನೆಗಡಿ ಆಗಿದ್ದರೆ ಬಾಯಿಗೆ ಸೆರಗು ಕಟ್ಟಿಕೊಂಡು ಹಾಲೂಡಿಸಲಿ, ಹಾಲು ಬಿಡಿಸಬೇಡಿ. ಕೂಸನ್ನು ಒಲೆಯ ಹತ್ತಿರ ಮಲಗಿಸಬೇಡಿ. ಅಡಿಗೆ ಮನೆಗೆ ಬೆಳಕಿಂಡಿ ಇಡಿ. ಕಟ್ಟಿಗೆಯನ್ನೇ ಉರಿಸುವುದಿದ್ದರೆ ಹೊಗೆ ಕೊಳವೆಯಿರುವ ಒಲೆ ಹಾಕಿಸಿ. ಬೀಡಿ ಸೇದುವವರು ಬಿಟ್ಟರೆ ಒಳ್ಳೆಯದು. ಬಿಡಲಾರದವರು ಕೂಸಿರುವ ಮನೆಯೊಳಗೆ ಸೇದಬೇಡಿ. ಮುದುಕರಿಗೂ ಸಕ್ಕರೆ ಕಾಯಿಲೆಯವರಿಗೂ ಬೇರೆ ಚುಚ್ಚುಮದ್ದು ಉಂಟು, ವೈದ್ಯರನ್ನು ಕೇಳಿ.

ಮಾಡಬಾರದ ಕೆಲಸ ಮೂರು. ಕೂಸಿನ ಮೂಗಿಗೆ ಎಣ್ಣೆ ಬಿಡಬೇಡಿ. ಅದು ನೇರವಾಗಿ ಪುಪ್ಪುಸಕ್ಕಿಳಿದು ತಾನೇ ನ್ಯುಮೋನಿಯ ತರುತ್ತದೆ. ಹೊಟ್ಟೆಗೆ ಎದೆಗೆ ಬರೆ ಕೊಡಬೇಡಿ. ಉಸಿರಾಡಲು ಒದ್ದಾಡುವ ಕೂಸಿಗೆ ಬೆಂಕಿಯ ನೋವನ್ನೂ ಸೇರಿಸಿದಂತಾಗುತ್ತದೆ, ಗಾಯ ಕೀವಾಗುತ್ತದೆ, ದವಾಖಾನೆಗೆ ಹೋಗುವ ಹೊತ್ತು ಕಳೆದುಹೋಗುತ್ತದೆ. ಹಿಂದೆ ಯಾರಿಗೋ ಬರೆದುಕೊಟ್ಟ ಔಷಧಿಯನ್ನು ಕೂಸಿಗೆ ಹಾಕಬೇಡಿ.

ಉಸಿರು ಎಣಿಸಿರಿ

ಇನ್ನು ಕೊನೆಯದಾಗಿ ಪ್ರಾಣ ಉಳಿಸುವ ಮಾತು. ನ್ಯುಮೋನಿಯವನ್ನು ಗುರುತಿಸಲು ಯಂತ್ರ ಬೇಕಿಲ್ಲ, ಗಡಿಯಾರವೊಂದು ಸಾಕು. ಈಗ ಎಲ್ಲರ ಜೇಬಿನಲ್ಲಿಯೂ ಮೊಬೈಲಿನೊಳಗೆ ಗಡಿಯಾರವಿದೆ. ಕೂಸು ಅಳದೆ, ಹಾಲು ಕುಡಿಯದೆ, ಶಾಂತವಾಗಿರುವಾಗ ಅಂಗಿ ಸರಿಸಿ ಹೊಟ್ಟೆ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿರಿ.

ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ ೬೦ ಅಥವಾ ಅದಕ್ಕಿಂತ ಹೆಚ್ಚು,
ಎರಡು ತಿಂಗಳಿಂದ ಒಂದು ವರ್ಷದೊಳಗಿನದು ೫೦ ಅಥವಾ ಹೆಚ್ಚು,
ಒಂದರಿಂದ ಐದು ವರ್ಷದ ಮಗು ೪೦ ಅಥವಾ ಹೆಚ್ಚು

ಸಲ ಉಸಿರಾಡಿದರೆ ಅದು ಬರೀ ನೆಗಡಿಯಲ್ಲ. ಅದೇ ದಿನ ದವಾಖಾನೆಗೆ ಹೋಗಬೇಕು. ಉಸಿರು ಒಳಗೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆದುಕೊಂಡರೆ, ಕೂಸು ಹಾಲು ನೀರು ಬಿಟ್ಟರೆ, ಕುಡಿದದ್ದನ್ನೆಲ್ಲ ಕಾರಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾದರೆ, ತುಟಿ ನೀಲಿಯಾದರೆ, ಬೆಳಗಾಗುವವರೆಗೂ ಕಾಯಬೇಡಿ. ೧೦೮ಕ್ಕೆ ಫೋನು ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಮೈ ಸುಡುವುದಾಗಲಿ ತಣ್ಣಗಾಗುವುದಾಗಲಿ ಯಾವುದು ಕಂಡರೂ ಹೀಗೆಯೇ ಅವಸರ ಮಾಡಬೇಕು. ಹೊತ್ತಿಗೆ ಸರಿಯಾಗಿ ಔಷಧಿ ಬಿದ್ದರೆ ಬಹುಪಾಲು ಮಕ್ಕಳು ಬದುಕುತ್ತಾರೆ. ತಡವಾದಷ್ಟೂ ಕೈ ಮೀರುತ್ತದೆ.

ಬಾಂಧವರೇ, ರೋಗಾಣುವನ್ನು ಮೂಗಿನಲ್ಲಿ ಹೊತ್ತವನು ಪಾಪಿಯಲ್ಲ. ನಾನೂ ಹೊತ್ತಿರಬಹುದು, ನೀವೂ ಹೊತ್ತಿರಬಹುದು, ಇಲ್ಲಿ ತಾಯಂದಿರ ಮಡಿಲಲ್ಲಿ ಮಲಗಿದ ಕೂಸುಗಳಲ್ಲಿ ಎಷ್ಟೋ ಈ ಗಳಿಗೆಯಲ್ಲಿಯೇ ಹೊತ್ತಿವೆ. ಆದಕಾರಣ ಜಡ್ಡು ಬಂದ ಮನೆಯಲ್ಲಿ, "ಯಾರಿಂದ ಬಂತು?" ಎಂದು ಬಾಣಂತಿಯ ಮೇಲೆ ಬೆರಳು ತೋರಿಸುವುದನ್ನು ಇಂದಿಗೆ ಬಿಡೋಣ. ಅದರ ಬದಲಾಗಿ ಎರಡು ಪ್ರಶ್ನೆ ಕೇಳೋಣ. ಒಂದು: ಸೂಜಿ ಮೂರೂ ಆಗಿವೆಯೇ? ಎರಡು: ಉಸಿರು ನಿಮಿಷಕ್ಕೆ ಎಷ್ಟು?

ಇಂದು ಮನೆಗೆ ಹೋದ ಕೂಡಲೇ ತಾಯಿ ಕಾರ್ಡನ್ನು ತೆಗೆದು ನೋಡಿರಿ. ಪಿ.ಸಿ.ವಿ. ಎಂದು ಬರೆದ ಮೂರು ಮನೆಗಳಲ್ಲಿ ಯಾವುದಾದರೂ ಖಾಲಿ ಇದ್ದರೆ, ಬರುವ ಲಸಿಕೆಯ ದಿನ ಹೊಲದ ಕೆಲಸ ಅರ್ಧ ದಿನ ನಿಂತರೂ ನಿಲ್ಲಲಿ. ಮಳೆಗಾಲಕ್ಕೆ ಮೊದಲು ಎತ್ತಿಗೆ ಸೂಜಿ ಹಾಕಿಸುವ ರೈತ ತನ್ನ ಕೂಸಿಗೆ ಹಾಕಿಸದೆ ಇರಲಾರನೆಂದು ನಾನು ನಂಬಿದ್ದೇನೆ.